ಎರಡು ಸಿಮ್ಮು, ಒಂದೇ ಕಿವಿ

"ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ಈ ಎರಡು ಕಿವಿ ಕಿತ್ತು ನಾಯಿಗೆ ಹಾಕಿ," ಎಂದು ಟ್ರಂಕಾಲ್ ಅತ್ತೆ ತನ್ನ ಕಿವಿಗಳೆರಡನ್ನೂ ಹಿಡಿದು ಆಣೆಯಿಟ್ಟಳು. "ಹಡಗಲ್ಲಿದೀನಿ ಅಂತ ಒಬ್ಬ ಹೆಂಡ್ತಿಗೆ ಫೋನ್ ಮಾಡ್ದ. ನಡುಸಮುದ್ರ ಅಂತೆ, ಮನೆಯೆತ್ತರದ ಅಲೆ ಅಂತೆ, ತಿಂದಿದ್ದು ಒಂದೂ ನಿಲ್ತಿಲ್ಲ ಅಂತೆ. ಲೈನ್ ಕೊಟ್ಟವಳು ನಾನೇ. ಕೇಳ್ತಾ ಕೇಳ್ತಾ ಹಿಂದ್ಗಡೆ ಕೋಳಿ ಕೂಗ್ತು."

"ಹಡಗಲ್ಲೂ ಕೋಳಿ ಇರುತ್ತೆ ಅತ್ತೆ. ಅಡುಗೆಗೆ," ಎಂದ ತಮ್ಮ.

"ಇರುತ್ತೆ. ಆದ್ರೆ ಕೋಳಿ ಕೂಗಿದ ಮೇಲೆ ಒಬ್ಬಳು ದನಿ ಎತ್ತಿ 'ರೀ, ಕಾಫಿ ಆರೋಗ್ತಿದೆ' ಅಂದ್ಲು. ಅವಳೂ ಅಡುಗೆಗೇನೋ? ಆ ಹಡಗು ಅವತ್ತೇ ಮುಳುಗ್ತು. ನಾನೇ ಮುಳುಗಿಸ್ದೆ."

ಯಾರೂ ನಗಲಿಲ್ಲ. ಮೇಜಿನ ಮೇಲಿನ ಟ್ರೇಯಲ್ಲಿದ್ದ ಹದಿನೇಳು ಕಣ್ಣುಗಳು ಮಾತ್ರ ಅತ್ತೆಯನ್ನು ಎವೆಯಿಕ್ಕದೆ ನೋಡುತ್ತಿದ್ದವು. ಅವಕ್ಕೆ ಬೇರೆ ಕೆಲಸವೂ ಇರಲಿಲ್ಲ, ಎವೆಯೂ ಇರಲಿಲ್ಲ.

ಆ ಹದಿನೇಳನ್ನೂ ಮಾಡಿದವಳು ಮೇಜಿನ ಈಚೆ ಕೂತಿದ್ದಳು. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಅವಳ ಕಸುಬು; ಇದು ಅವಳ ಪುಟ್ಟ ಕಾರ್ಖಾನೆ. ಎಲ್ಲರಿಗೂ ಅವಳು ಕಣ್ಣಕ್ಕ. ಅವಳ ಮುಂದೆ ಒಂದು ಅರ್ಜಿ ಇತ್ತು, ಅರ್ಜಿಯಲ್ಲಿ ಒಂಬತ್ತನೇ ಕಾಲಂ ಖಾಲಿ ಇತ್ತು, ಗೋಡೆಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ನೋಂದಣಿ ಕಚೇರಿಯ ಬಾಗಿಲು ಐದಕ್ಕೆ ಮುಚ್ಚುತ್ತದೆ.

ಆಗಿದ್ದು ಇಷ್ಟು. ಅವಳು ಒಂಬತ್ತು ದಿನ ಹೊರದೇಶಕ್ಕೆ ಹೋಗಿದ್ದಾಗ, ಇಲ್ಲಿ ಬಿಟ್ಟುಹೋದ ಸಿಮ್ಮಿಗೆ ಐದನೇ ದಿನ ಒಂದು ಓಟಿಪಿ ಬಂದಿತ್ತು. ಆ ಆರು ಅಂಕಿ ಒತ್ತಿ ಯಾರೋ ಅವಳ ಹೆಸರಲ್ಲಿ ಒಪ್ಪಿಗೆ ಕೊಟ್ಟಿದ್ದರು; ಅವಳ ಆರುಪದರದ ಕಣ್ಣಿನ ವಿಧಾನ ಒಂದು ದೊಡ್ಡ ಕಂಪನಿಯ ಪಾಲಾಗಿತ್ತು.

ಆರುಪದರ ಎಂದರೆ ಬಣ್ಣ. ಒಂದರ ಮೇಲೊಂದು, ನೊಣದ ರೆಕ್ಕೆಗಿಂತ ತೆಳುವಾಗಿ, ಆರು ಸಲ. ಬೆಳಕಿಗೆ ಬಂದರೆ ಆ ಕಣ್ಣಿನ ಪಾಪೆ ಕುಗ್ಗಿದಂತೆ, ನೆರಳಿಗೆ ಹೋದರೆ ಹಿಗ್ಗಿದಂತೆ ಕಾಣುತ್ತದೆ. ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡನ ಯಾವ ಕಣ್ಣು ನಿಜದ್ದು ಎಂದು ಗೊತ್ತಾಗದ ಒಬ್ಬ ಹೆಂಗಸು ಕಣ್ಣಕ್ಕನ ಬಳಿ ಬಂದು ಗುಟ್ಟಾಗಿ ವಿಚಾರಿಸಿದ್ದುಂಟು.

ಇವತ್ತು ಐದರೊಳಗೆ ಆಕ್ಷೇಪಣೆ ಹೋಗದಿದ್ದರೆ, ನಾಳೆಯಿಂದ ಅವಳು ತನ್ನದೇ ಕೈಯಿಂದ ಆ ಕಣ್ಣು ಬರೆದರೆ ಅದು ಕಳ್ಳತನ.

ಒಂಬತ್ತನೇ ಕಾಲಂ ಕೇಳುತ್ತಿದ್ದುದು ಒಂದೇ: 'ನಿಮ್ಮ ಓಟಿಪಿಯನ್ನು ಬಳಸಿದವರ ಹೆಸರು.' ಗೊತ್ತಿಲ್ಲ ಎಂದು ಬರೆದಿದ್ದ ಮೊದಲ ಅರ್ಜಿಯನ್ನು ಕಚೇರಿಯ ಗುಮಾಸ್ತ ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟಿದ್ದ. "ಹೆಸರು ಇದ್ರೆ ಆಕ್ಷೇಪಣೆ ಅಮ್ಮ. ಹೆಸರಿಲ್ಲದಿದ್ರೆ ಬರೀ ಗೋಳು."

"ಸರಿ, ಕೋಳಿ ಕಥೆ ಮುಗೀತಲ್ಲ," ಎಂದ ಕಣ್ಣಕ್ಕನ ತಮ್ಮ. ಪಾಲಿಶ್ ಮಾಡುವ ಉಣ್ಣೆಚಕ್ರದ ಪಕ್ಕ ಕೈಕಟ್ಟಿ ನಿಂತಿದ್ದ. ಕಣ್ಣಿಗೆ ಹೊಳಪು ಕೊಡುವುದು ಅವನ ಪಾಲಿನ ಕೆಲಸ; ಮೂರು ದಿನದಿಂದ ಅವನ ಮುಖಕ್ಕೇ ಹೊಳಪಿರಲಿಲ್ಲ. "ನನ್ನ ಹೆಸರು ಬರ್ಕೊಂಡು ಹೋಗ್ಬಿಡಿ. ಡ್ರಾಯರ್ ಕೀಲಿ ನನ್ನತ್ರ ಇತ್ತು. ಸಿಮ್ಮಿದ್ದ ಫೋನು ಡ್ರಾಯರಲ್ಲಿತ್ತು. ಮನೆಯವರೆಲ್ಲ ಸೇರಿ ಕಳ್ಳ ಅಂದಾಯ್ತು. ಇನ್ಯಾಕೆ ತಡ?"

"ಯಾರೋ ನಿನ್ನ ಕಳ್ಳ ಅಂದಿದ್ದು?" ಎಂದಳು ಕಣ್ಣಕ್ಕ.

"ಅನ್ನಲಿಲ್ಲ ಅಕ್ಕ. ನನ್ನ ತಟ್ಟೆಗೆ ಬಡಿಸುವಾಗ ನೀನು ನನ್ನ ಮುಖ ನೋಡ್ಲಿಲ್ಲ. ಅದು ಅಂದ ಹಾಗೇನೇ."

ಅದು ನಿಜವಾಗಿತ್ತು. ಅವಳು ಅರ್ಜಿಯ ಕಡೆ ತಿರುಗಿಕೊಂಡಳು.

ಅತ್ತೆ ಕೈಚೀಲದಿಂದ ಒಂದು ಚೀಟಿ ತೆಗೆದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಲೈನ್ ಜೋಡಿಸಿದವಳು ಅವಳು. ಊರಿನ ಅರ್ಧ ಸಂಸಾರಗಳ ಗುಟ್ಟು ಅವಳ ಕಿವಿಯಲ್ಲಿತ್ತು. ಉಳಿದರ್ಧ ಸಂಸಾರಗಳಿಗೆ ಫೋನಿರಲಿಲ್ಲ. ನಿವೃತ್ತಿಯಾದ ಮೇಲೆ ಕೇರಿಯಲ್ಲಿ ಚಪ್ಪಲಿ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅತ್ತೆಯ ಬಳಿ ಬರುತ್ತಿದ್ದರು. ಅಪ್ಪನ ತಂಗಿ. ಅಮ್ಮ ಹೋದ ಮೇಲೆ ಕಣ್ಣಕ್ಕನ ತಲೆ ಬಾಚಿ ಬೆಳೆಸಿದವಳು.

"ಇದು ಬಸ್ ಸ್ಟ್ಯಾಂಡಿನ ಟೈಂ ಕೀಪರಮ್ಮ ಕೊಟ್ಟಿದ್ದು," ಎಂದಳು ಅತ್ತೆ. "ನಿನ್ನ ಕೈಲಿ ಬಲಗಣ್ಣು ಮಾಡಿಸ್ಕೊಂಡವಳು. ನೀನು ಊರಲ್ಲಿಲ್ಲದಾಗ ಅದರಲ್ಲಿ ಗೀರು ಬಿತ್ತಂತೆ. ನಿನ್ನ ನಂಬರಿಗೆ ಫೋನ್ ಮಾಡಿದ್ಲು. ಬಸ್ಸು ಬರೋದು ಹೋಗೋದು ಬರೆದು ಬರೆದು ಅಭ್ಯಾಸ ನೋಡು, ಫೋನು ಹೋಗಿದ್ದೂ ಹೋಗದಿದ್ದಿದ್ದೂ ಬರ್ದಿಟ್ಟಿದಾಳೆ. 'ನನಗಿರೋದು ಒಂದೇ ನಿಜವಾದ ಕಣ್ಣು, ತಪ್ಪು ಬರೆಯೋಕೆ ಪುರುಸೊತ್ತಿಲ್ಲ' ಅಂದ್ಲು."

ಕಣ್ಣಕ್ಕ ಚೀಟಿ ಓದಿದಳು. ಎರಡನೇ ದಿನ ಬೆಳಿಗ್ಗೆ 8.42, ಸಂಪರ್ಕಕ್ಕೆ ಸಿಗುತ್ತಿಲ್ಲ. 8.50, ಸಿಗುತ್ತಿಲ್ಲ. 9.05, ಸಿಗುತ್ತಿಲ್ಲ. 9.08, ರಿಂಗಾಯಿತು, ಎತ್ತಲಿಲ್ಲ. ನಾಲ್ಕನೇ ದಿನ ಸಂಜೆ 7.20, ಸಿಗುತ್ತಿಲ್ಲ. 7.33, ರಿಂಗಾಯಿತು. ಏಳನೇ ದಿನ ಮತ್ತೆ ಅದೇ ಕಥೆ.

"ಸಿಗ್ನಲ್ ಇರ್ಲಿಲ್ವೇನೋ," ಎಂದಳು.

"ಡ್ರಾಯರಲ್ಲಿರೋ ಫೋನಿಗೆ ಎಂಟೂ ನಲವತ್ತೆರಡಕ್ಕೆ ಸಿಗ್ನಲ್ ಹೋಗಿ ಒಂಬತ್ತೂ ಎಂಟಕ್ಕೆ ವಾಪಸ್ ಬರೋಕೆ ಅದೇನು ವಾಕಿಂಗ್ ಹೋಗಿತ್ತಾ?" ಅತ್ತೆ ತಮ್ಮನ ಕಡೆ ಕೈ ಚಾಚಿದಳು. "ನಿನ್ನ ಫೋನು ಕೊಡೋ. ಎರಡು ಸಿಮ್ಮಿನದಲ್ವಾ?"

ತಮ್ಮ ಕೊಟ್ಟ. ಅತ್ತೆ ಕಾರ್ಖಾನೆಯ ಹಳೇ ಲ್ಯಾಂಡ್‌ಲೈನಿನಿಂದ ಅವನ ಮೊದಲನೇ ನಂಬರಿಗೆ ಹಚ್ಚಿದಳು. "ಎತ್ತು. ಮಾತಾಡು."

"ಏನಂತ?"

"ಅತ್ತೆ ದೊಡ್ಡ ಬುದ್ಧಿವಂತೆ ಅನ್ನು."

"ಹಲೋ. ಅತ್ತೆ ದೊಡ್ಡ ಬುದ್ಧಿವಂತೆ. ಬಿಲ್ ಬರೋದು ಯಾರಿಗೆ?"

"ಈಗ ನೀನು ಇವನ ಎರಡನೇ ನಂಬರಿಗೆ ಮಾಡು," ಎಂದಳು ಅತ್ತೆ ಕಣ್ಣಕ್ಕನಿಗೆ.

ಮಾಡಿದಳು. ಒಬ್ಬ ಹೆಂಗಸು ವಿನಯದಿಂದ, ನೀವು ಕರೆದವರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಳು. ಕರೆಸಿಕೊಂಡವನು ಮೂರು ಅಡಿ ದೂರದಲ್ಲಿ ನಿಂತಿದ್ದ.

"ಒಂದು ಮನೆ, ಎರಡು ಬಾಗಿಲು, ಕಾಯೋಕೆ ಒಬ್ಬನೇ ಆಳು," ಎಂದಳು ಅತ್ತೆ. "ಅವನು ಮುಂಬಾಗಿಲಲ್ಲಿ ನಿಂತು ಹರಟೆ ಹೊಡೀತಿದ್ರೆ, ಹಿತ್ತಲ ಬಾಗಿಲು ಬಡಿದವರಿಗೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ. ಇಂಥ ಫೋನಿಗೆ ಸಿಮ್ಮು ಎರಡು, ಕಿವಿ ಒಂದೇ."

ತಮ್ಮ ಫೋನು ಇಳಿಸಿದ. ಅವನ ಮುಖಕ್ಕೆ ಮೂರು ದಿನದಲ್ಲಿ ಮೊದಲ ಬಾರಿ ಬಣ್ಣ ಬಂತು. "ಡ್ರಾಯರಲ್ಲಿದ್ದ ಫೋನಲ್ಲಿ ಅಕ್ಕನ ಸಿಮ್ ಒಂದೇ ಇದ್ದಿದ್ದು. ಇನ್ನೊಂದು ಬಾಗಿಲೇ ಇಲ್ಲ."

"ಹಾಗಿದ್ಮೇಲೆ ಆಳು ಎಲ್ಲಿಗೆ ಹೋಗಿದ್ದ?"

"ಅಂದ್ರೆ ಸಿಮ್ಮು ಡ್ರಾಯರಲ್ಲೇ ಇರ್ಲಿಲ್ಲ!"

"ಬೇರೆ ಯಾರದೋ ಫೋನಿನ ಎರಡನೇ ಸ್ಲಾಟಲ್ಲಿತ್ತು. ಅವರು ತಮ್ಮ ನಂಬರಲ್ಲಿ ಮಾತಾಡ್ತಿದ್ದಾಗೆಲ್ಲ ಇವಳ ನಂಬರು ಕಿವುಡಾಗ್ತಿತ್ತು. ನಿನ್ನ ಫೋನಿನ ಪಟ್ಟಿ ನೋಡಿದೀನಿ. ಆ ಹೊತ್ತಲ್ಲಿ ನೀನು ಯಾರ ಹತ್ರಾನೂ ಮಾತಾಡಿಲ್ಲ. ನಿನ್ನ ಹತ್ರ ಯಾರು ತಾನೆ ಇಪ್ಪತ್ತೈದು ನಿಮಿಷ ಮಾತಾಡ್ತಾರೆ?"

"ಥ್ಯಾಂಕ್ಸ್ ಅತ್ತೆ," ಎಂದ ತಮ್ಮ. ಮೂರು ದಿನದಲ್ಲಿ ಅವನಿಗೆ ಯಾರಾದರೂ ಆಡಿದ ಅತಿ ಒಳ್ಳೆಯ ಮಾತು ಅದಾಗಿತ್ತು.

ಕಣ್ಣಕ್ಕ ಚೀಟಿಯನ್ನು ಮತ್ತೊಮ್ಮೆ ಓದಿದಳು. ಬೆಳಿಗ್ಗೆ ಎಂಟೂ ನಲವತ್ತೆರಡು ಎಂಬುದು ಅವಳಿಗೆ ಗೊತ್ತಿದ್ದ ಹೊತ್ತು.

ತನ್ನ ಫೋನು ತೆಗೆದು ಹಳೆಯ ಕರೆಗಳ ಪಟ್ಟಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಜಾರಿಸಿದಳು. ಊರಿಗೆ ಮರಳಿದ ಮೇಲೆ ಫೋನು ತಾನಾಗಿಯೇ ಅಲ್ಲಿನ ಗಂಟೆಗಳನ್ನೆಲ್ಲ ಇಲ್ಲಿನ ಗಂಟೆಗೆ ಬದಲಿಸಿಕೊಂಡಿತ್ತು. ಎರಡನೇ ದಿನ, 8.40, ಇಪ್ಪತ್ತೇಳು ನಿಮಿಷ. ನಾಲ್ಕನೇ ದಿನ, 7.15, ಹದಿನಾರು ನಿಮಿಷ. ಏಳನೇ ದಿನವೂ ಚೀಟಿಯ ಪಕ್ಕ ಇಟ್ಟರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಮೂರೂ ಕರೆ ಹೋಗಿದ್ದು ಒಂದೇ ನಂಬರಿಗೆ. ಆ ನಂಬರನ್ನು ಅವಳು 'ಇವರು' ಎಂದು ಸೇವ್ ಮಾಡಿಕೊಂಡಿದ್ದಳು.

ಎರಡನೇ ದಿನದ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು. ಅಲ್ಲಿ ಇನ್ನೂ ನಸುಕು. ಹೋಟೆಲಿನ ಕಿಟಕಿ ತೆರೆದು ಫೋನನ್ನು ಹೊರಗೆ ಚಾಚಿ, ಕೆಳಗೆ ಹೋಗುತ್ತಿದ್ದ ಟ್ರಾಮಿನ ಸದ್ದನ್ನು ಗಂಡನಿಗೆ ಕೇಳಿಸಿದ್ದಳು. "ಇನ್ನೊಂದ್ಸಲ ಕೇಳ್ಸೆ," ಎಂದಿದ್ದ. ಮುಂದಿನ ಟ್ರಾಮಿಗಾಗಿ ಇಬ್ಬರೂ ಮಾತಿಲ್ಲದೆ ಕಾದಿದ್ದರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅಷ್ಟು ಹೊತ್ತು ಮಾತಿಲ್ಲದೆ, ಜಗಳವೂ ಇಲ್ಲದೆ ಫೋನು ಹಿಡಿದು ಕೂತಿದ್ದು ಅದೇ ಮೊದಲು.

ಆಗ ಅವಳ ಸಿಮ್ಮು ಅದೇ ಫೋನಿನೊಳಗೆ, ಅವನ ಕೆನ್ನೆಗೆ ಒತ್ತಿಕೊಂಡಿತ್ತು.

"ಯಾರು?" ಎಂದಳು ಅತ್ತೆ ಮೆಲ್ಲಗೆ. ಉತ್ತರ ಗೊತ್ತಿರುವವರು ಕೇಳುವಷ್ಟು ಮೆಲ್ಲಗೆ.

ಕಣ್ಣಕ್ಕ ಎದ್ದು ಅಚ್ಚಿನ ಕೋಣೆಯ ಬಾಗಿಲು ತಳ್ಳಿದಳು. "ರೀ. ಒಂದ್ನಿಮಿಷ ಬರ್ತೀರಾ?"

ಗಂಡ ಮೊಣಕೈವರೆಗೂ ಪ್ಲಾಸ್ಟರಿನ ಬಿಳಿ ಮೆತ್ತಿಕೊಂಡು ಹೊರಬಂದ. ಕಣ್ಣಿನ ಗುಳಿಯ ಅಳತೆಗೆ ಅಚ್ಚು ತೆಗೆಯುವುದು ಅವನ ಕೆಲಸ. ಮಿತಭಾಷಿ. ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಸುಮ್ಮನೆ ಹಿಡಿದು ಕೂರುವವನಿಗೆ ಮಾತಿನ ಚಟ ಇರುವುದೂ ಕಷ್ಟ.

"ನನ್ನ ಸಿಮ್ಮು ನಿಮ್ಮ ಫೋನಲ್ಲಿತ್ತಾ?"

ಅವನು ತಮ್ಮನನ್ನು ನೋಡಿದ, ಅತ್ತೆಯನ್ನು ನೋಡಿದ, ಕೊನೆಗೆ ಟ್ರೇಯಲ್ಲಿದ್ದ ಕಣ್ಣುಗಳನ್ನು ನೋಡಿದ. ಎಲ್ಲೂ ಆಸರೆ ಸಿಗಲಿಲ್ಲ.

"ಇತ್ತು," ಎಂದ.

ತಮ್ಮ ಉಣ್ಣೆಚಕ್ರವನ್ನು ಅಂಗೈಯಿಂದ ಬಲವಾಗಿ ಒಂದು ಸುತ್ತು ತಿರುಗಿಸಿದ.

"ನೀನೂ ಅತ್ತೇನೂ ಹೊರಟ ದಿನವೇ ಆ ಫೋನು ನನ್ನ ಕೈ ಜಾರಿ ಪ್ಲಾಸ್ಟರ್ ತೊಟ್ಟಿಗೆ ಬಿತ್ತು," ಎಂದ ಗಂಡ. "ತೆಗೆಯೋ ಹೊತ್ತಿಗೆ ಗಟ್ಟಿ ಆಗಿತ್ತು. ಉಳಿ ತಗೊಂಡು ಬಿಡಿಸ್ದೆ. ಸಿಮ್ಮು ಬಂತು, ಫೋನು ಹೋಯ್ತು. ಪೇಷೆಂಟುಗಳ ಫೋನು ಬರುತ್ತಲ್ಲ ಅಂತ ನನ್ನ ಫೋನಿಗೆ ಹಾಕ್ಕೊಂಡೆ. ಕೈಯೆಲ್ಲ ಪ್ಲಾಸ್ಟರ್ ಇದ್ದಾಗ ಎತ್ತೋಕಾಗ್ಲಿಲ್ಲ, ಅಷ್ಟೆ."

"ಡ್ರಾಯರಲ್ಲಿ ಇವತ್ತಿಗೂ ಅದೇ ಫೋನಿದೆಯಲ್ರೀ?"

"ಅದಲ್ಲ. ಅದೇ ಥರದ್ದು ಹಳೇದೊಂದು ಹುಡುಕಿ ತಂದೆ. ಮೂಲೇಲಿ ಗೀರು ಇರ್ಲಿಲ್ಲ. ಗೀರು ನಾನೇ ಹಾಕ್ದೆ. ನೀನು ಬರೋ ಹಿಂದಿನ ದಿನ ಸಿಮ್ಮನ್ನ ಅದಕ್ಕೆ ಹಾಕಿ, ಇವನು ಮೊಳೆಗೆ ನೇತುಹಾಕಿದ್ದ ಕೀಲಿ ತಗೊಂಡು ಡ್ರಾಯರಲ್ಲಿಟ್ಟೆ." ಅಚ್ಚು ತೆಗೆಯುವವನ ಹೆಮ್ಮೆ ಅವನ ದನಿಯಲ್ಲಿ ಒಂದು ಗಳಿಗೆ ಇಣುಕಿತು, ಹೊತ್ತು ಸರಿಯಿಲ್ಲವೆಂದು ಅರಿತು ಒಳಗೆ ಹೋಯಿತು.

"ಓಟಿಪಿ?"

"ಬಂತು."

"ಯಾರಿಗೆ ಕೊಟ್ರಿ?"

ಗಂಡ ಅವಳನ್ನೇ ನೋಡಿದ. ಸಿಕ್ಕಿಬಿದ್ದವನ ನೋಟವಾಗಿರಲಿಲ್ಲ ಅದು. ಬಹಳ ದಿನದಿಂದ ಮುಚ್ಚಿಟ್ಟ ಗಾಯದ ಪಟ್ಟಿಯನ್ನು ಬೇರೆಯವರು ಬಿಚ್ಚುತ್ತಿದ್ದರೆ ನೋಡುವ ಹಾಗಿತ್ತು.

"ನಿಂಗೇ ಕೊಟ್ಟೆ," ಎಂದ.

"ಏನು?"

"ನೀನೇ ಕೇಳ್ದೆ. ಕಳ್ಸಿದೆ."

"ನಾನು ಕೇಳಿಲ್ಲ."

"ಇಷ್ಟು ದಿನ ನೀನು ಇದೇ ಹೇಳ್ತಿದೀಯ. ನಾನೂ ಹೂಂ ಅಂತಿದೀನಿ." ಅವನು ಬೆರಳಿಗೆ ಮೆತ್ತಿದ್ದ ಪ್ಲಾಸ್ಟರನ್ನು ಉಜ್ಜಿದ. "ನೀನೇ ಕಂಪನಿಗೆ ಒಪ್ಕೊಂಡಿದೀಯ ಅಂದ್ಕೊಂಡೆ. ಆಮೇಲೆ ಮನೆಯವರಿಗೆ ಹೇಳೋಕೆ ಮುಖ ಇಲ್ದೆ ಯಾರೋ ಮಾಡಿದ್ರು ಅಂತಿದೀಯ ಅಂದ್ಕೊಂಡೆ. ಹೆಂಡ್ತಿ ಮಾನ ಬೀದಿಗೆ ಬರಬಾರದು ಅಂತ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

"ನನ್ನ ಮಾನಕ್ಕೆ ಬೀಗ ಹಾಕಿ ಕೀಲೀನ ನನ್ನ ತಮ್ಮನ ಕುತ್ತಿಗೆಗೆ ಕಟ್ಟಿದ್ರಾ? ಮೂರು ದಿನ ಅವನು ಕಳ್ಳನ ಥರ ಕೂತು ಊಟ ಮಾಡ್ದ. ನೀವು ಪಕ್ಕದಲ್ಲೇ ಕೂತಿದ್ರಿ!"

"ನೀನೂ ಕೂತಿದ್ದೆ," ಎಂದ ಗಂಡ. "ನೀನು ಅವನ ಮೇಲೆ ಗೂಬೆ ಕೂರಿಸ್ತಿದೀಯಲ್ಲ, ಇವಳು ಇಂಥವಳಾ ಅಂತ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ನನಗೆ."

ಇಬ್ಬರೂ ಒಂದೇ ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದ್ದರು; ಅವನು ಅವಳನ್ನೇ ದ್ರೋಹಿ ಎಂದುಕೊಂಡಿದ್ದ. ಅವಳಾದರೋ ತನ್ನ ಅನುಮಾನ ಗಂಡನ ಮೇಲೆ ಹೋಗದಂತೆ ತಮ್ಮನ ಮೇಲೆ ಹೊರಿಸಿ ನೆಮ್ಮದಿ ಪಟ್ಟಿದ್ದಳು.

"ತೋರ್ಸಿ," ಎಂದಳು.

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ಫೋನು ತೆಗೆದ. 'ಅವಳು ಹೊರದೇಶ' ಎಂದು ಸೇವ್ ಮಾಡಿದ್ದ ನಂಬರು. ಅವಳು ಅಲ್ಲಿ ವಿಮಾನ ನಿಲ್ದಾಣದಲ್ಲಿ ಕೊಂಡ ಸಿಮ್ಮಿನದೇ, ಅನುಮಾನವಿಲ್ಲ. ಐದನೇ ದಿನ, ಮಧ್ಯಾಹ್ನ ಮೂರೂ ಇಪ್ಪತ್ತು. ಅವಳ ಫೋನಿನಲ್ಲಿ ಆ ಮೆಸೇಜಿನ ಸುಳಿವೂ ಇರಲಿಲ್ಲ; ಯಾರೋ ಅಳಿಸಿದ್ದರು.

ತಮ್ಮ ಬಗ್ಗಿ ಜೋರಾಗಿ ಓದಿದ. "'ನನ್ನ ಸಿಮ್ಮಿಗೆ ಓಟಿಪಿ ಬರುತ್ತೆ. ಬಂದ ಕೂಡ್ಲೆ ಈ ನಂಬರಿಗೆ ಕಳ್ಸಿ. ಲೈನಲ್ಲಿರಿ.'"

ಓದಿ ಮುಗಿಸಿ ನಕ್ಕುಬಿಟ್ಟ. ಮೂರು ದಿನದ ಬಿಗಿ ಸಡಿಲಾದವನ ನಗು. "ಏನ್ ಭಾವ ನೀವು! ಮೆಸೇಜಲ್ಲಿ ಯಾರಾದ್ರೂ ಲೈನಲ್ಲಿರಿ ಅಂತಾರಾ? ಎಲ್ಲಿದೆ ಲೈನು? ಮೆಸೇಜಿಗೆ ಲೈನಲ್ಲಿರಿ ಅನ್ನೋರು ಅಂದ್ರೆ ಇಡೀ ಜನ್ಮ ಎಕ್ಸ್‌ಚೇಂಜಲ್ಲಿ..."

ನಗು ಅವನ ಬಾಯಲ್ಲೇ ಉಳಿಯಿತು. ಮುಖ ಮಾತ್ರ ಅದನ್ನು ಬಿಟ್ಟು ಹೋಯಿತು.

ಯಾರೂ ಅತ್ತೆಯ ಕಡೆ ತಿರುಗಲಿಲ್ಲ. ತಿರುಗದೇ ಇರಲು ಮೂವರೂ ಪಟ್ಟ ಪ್ರಯತ್ನ ಕೋಣೆಯಲ್ಲಿ ಕೇಳಿಸುವಂತಿತ್ತು.

ಐದನೇ ದಿನ ಮಧ್ಯಾಹ್ನ ಮೂರೂ ಇಪ್ಪತ್ತು ಎಂದರೆ ಅಲ್ಲಿ ಬೆಳಿಗ್ಗೆ. ಕಣ್ಣಕ್ಕ ವೇದಿಕೆಯ ಮೇಲಿದ್ದಳು. ಇನ್ನೂರು ಜನರ ಮುಂದೆ, ನೆತ್ತಿ ಸುಡುವ ದೀಪದ ಕೆಳಗೆ, ನಾಲ್ಕನೇ ಪದರ ಬರೆಯುತ್ತಿದ್ದಳು. ಮೊದಲನೇ ಸಾಲಲ್ಲಿ ಅತ್ತೆ ಕೂತಿದ್ದಳು. ಕಣ್ಣಕ್ಕನ ಫೋನು ಅತ್ತೆಯ ಕೈಚೀಲದಲ್ಲಿತ್ತು.

ಇದ್ದೇ ಇರುತ್ತದಲ್ಲ. ಆ ಫೋನಿನಲ್ಲಿ ಅತ್ತೆಯ ಸಿಮ್ಮೂ ಇತ್ತು.

ಮೂವತ್ತೊಂದು ವರ್ಷ ಯಾರ್ಯಾರನ್ನೋ ಯಾವ್ಯಾವುದೋ ದೇಶಕ್ಕೆ ಜೋಡಿಸಿದ ಅತ್ತೆ ಒಮ್ಮೆಯೂ ಊರಿನ ಗಡಿ ದಾಟಿದವಳಲ್ಲ ಎಂದು ಕಣ್ಣಕ್ಕ ಅವಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಅತ್ತೆಯ ಗುಂಡಿಫೋನು ಆ ದೇಶದಲ್ಲಿ ನಡೆಯದೆಂದು ಗೊತ್ತಾದಾಗ ತನ್ನ ಫೋನಿನಲ್ಲೇ ಜಾಗ ಕೊಟ್ಟಿದ್ದಳು. ಎರಡು ಸ್ಲಾಟು: ಒಂದಕ್ಕೆ ಅಲ್ಲಿನ ಸಿಮ್ಮು, ಒಂದಕ್ಕೆ ಅತ್ತೆಯದು. ತನ್ನದನ್ನು ಬಿಚ್ಚಿ ಇಲ್ಲಿ ಬಿಟ್ಟು ಹೋಗಿದ್ದು ಅದಕ್ಕೇ. ರೋಮಿಂಗ್ ದುಬಾರಿ ಎಂದು ಊರಿಗೆಲ್ಲ ಹೇಳಿದ್ದಳು. ಅತ್ತೆಗಾಗಿ ಎಂದರೆ ಅತ್ತೆ ಸಂಕೋಚ ಪಟ್ಟುಕೊಂಡಾಳು ಎಂದು.

"ರೀ," ಎಂದಳು ಗಂಡನಿಗೆ. "ಸಿಮ್ಮು ನಿಮ್ಮ ಹತ್ರ ಇದೆ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ಅತ್ತೆಗೆ ಮಾತ್ರ ಹೇಳಿದ್ದೆ. ನೀವು ತಲುಪಿದ ದಿನವೇ. ನೀನು ಸ್ನಾನಕ್ಕೆ ಹೋಗಿದ್ದೆ. ಅವಳಿಗೆ ಹೇಳ್ಬೇಡಿ, ಬಂದ್ಮೇಲೆ ನಾನೇ ಬೈಸ್ಕೋತೀನಿ ಅಂದೆ. ಅತ್ತೆ ನಕ್ರು."

ಕಣ್ಣಕ್ಕ ಆಗ ತಿರುಗಿದಳು.

ಅತ್ತೆ ಟೈಂ ಕೀಪರಮ್ಮನ ಚೀಟಿಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಬೇಸರವಿತ್ತು, ಒಳ್ಳೆಯ ಕಥೆ ನಡುವೆ ಹಾಳಾದವರ ಬೇಸರ.

"ಎರಡು ಬಾಗಿಲು, ಒಬ್ಬ ಆಳು," ಎಂದಳು ಕಣ್ಣಕ್ಕ. "ಮೊದಲ ದಿನದಿಂದ ನಿನಗೆ ಗೊತ್ತಿತ್ತು. ಆದ್ರೂ ಬಸ್ ಸ್ಟ್ಯಾಂಡಿಗೆ ಹೋಗಿ ಚೀಟಿ ತಂದೆ. ನನ್ನ ಕೈಯಿಂದಾನೇ ಡಯಲ್ ಮಾಡಿಸ್ದೆ. ನನ್ನ ಬಾಯಿಂದಾನೇ ನನ್ನ ಗಂಡನ್ನ ಹೊರಗೆ ಕರೆಸ್ದೆ."

"ನಿಂಗೆ ಒಂದು ಹೆಸರು ಬೇಕಿತ್ತು," ಎಂದಳು ಅತ್ತೆ. "ತಮ್ಮಂದು ಬರೆಯೋಕೆ ನಿನ್ನ ಕೈ ಏಳ್ತಿರ್ಲಿಲ್ಲ. ಅಳಿಯಂದ್ರದಾದ್ರೆ ಒಂದೇ ಏಟಿಗೆ ಬರೀತೀಯ ಅಂದ್ಕೊಂಡೆ. ಗಂಡಸರು, ತಡ್ಕೋತಾರೆ."

"ಅತ್ತೆ!" ಎಂದ ಗಂಡ. ಅವನ ಕೈಯ ಪ್ಲಾಸ್ಟರ್ ಒಣಗಿ ಬಿರುಕು ಬಿಟ್ಟು ನೆಲಕ್ಕೆ ಉದುರುತ್ತಿತ್ತು.

"ನೀವು ಸುಮ್ನಿರಿ ಅಳಿಯಂದ್ರೇ. ಲೆಕ್ಕಕ್ಕಿಲ್ಲದ ಮಾತಾಡ್ಬೇಡಿ."

ಕಣ್ಣಕ್ಕ ಅರ್ಜಿಯನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಮೂರೂ ನಲವತ್ತು. ಕಚೇರಿಗೆ ಹೋಗಲು ಅರ್ಧ ಗಂಟೆ ಬೇಕು, ಸಾಲಿನಲ್ಲಿ ನಿಲ್ಲಲು ಇನ್ನರ್ಧ. ಒಂಬತ್ತನೇ ಕಾಲಮಿನ ಮೇಲೆ ಪೆನ್ನಿಟ್ಟವಳಿಗೆ ಕೈ ಮುಂದೆ ಹೋಗಲಿಲ್ಲ. ನಲವತ್ತೆರಡು ವರ್ಷದಲ್ಲಿ ಈ ಹೆಂಗಸನ್ನು ಅತ್ತೆ ಎಂದಲ್ಲದೆ ಬೇರೆ ಏನೆಂದೂ ಕರೆದಿರಲಿಲ್ಲ. ಟ್ರಂಕಾಲ್ ಅತ್ತೆ ಎಂದು ಬರೆದರೆ ಆ ಗುಮಾಸ್ತ ಎರಡು ಬೆರಳಲ್ಲಿ ಹಿಡಿದು ವಾಪಸು ಕೊಡುತ್ತಾನೆ.

"ನಿಮ್ಮ ಪೂರ್ತಿ ಹೆಸರು ಹೇಳಿ," ಎಂದಳು.

ಅತ್ತೆಯ ಮುಖ ಮೊದಲ ಸಲ ಕದಲಿತು. ಹೆಸರು ಕೇಳಿದ್ದಕ್ಕಲ್ಲ. ತೊದಲು ಮಾತಿನಿಂದ ಈ ಗಳಿಗೆಯವರೆಗೆ ನೀನು ಎಂದವಳು ನಿಮ್ಮ ಎಂದಿದ್ದಳು.

"ಏನಂದೆ?"

"ಹೆಸರು ಹೇಳಿ. ಇನಿಷಿಯಲ್ ಸಮೇತ."

"ಪಿಂಚಣಿ ಪುಸ್ತಕದಲ್ಲಿದೆ ಅಕ್ಕ," ಎಂದ ತಮ್ಮ, ನೆಲ ನೋಡುತ್ತಾ. ಅತ್ತೆಯ ಪಿಂಚಣಿಗೆ ಪ್ರತಿ ತಿಂಗಳು ಅವಳನ್ನು ಕರೆದೊಯ್ಯುತ್ತಿದ್ದವನು ಅವನೇ. ಅಕ್ಷರ ಅಕ್ಷರವಾಗಿ ಹೇಳಿದ. ಕಣ್ಣಕ್ಕ ಬರೆದಳು. ತುಂಬಾ ಚಂದದ ಹೆಸರು. ಇಷ್ಟು ಚಂದದ ಹೆಸರನ್ನು ಮನೆಯಲ್ಲಿ ಯಾರೂ ಒಮ್ಮೆಯೂ ಕರೆದಿರಲಿಲ್ಲ.

"ಬರ್ದ್ಯಾ?" ಎಂದಳು ಅತ್ತೆ. "ಬೇಡ ಅನ್ನಲ್ಲ. ಒಪ್ಕೋತೀನಿ, ಓಟಿಪಿ ಒತ್ತಿದ್ದು ನಾನೇ. ನೀನು ವೇದಿಕೆ ಮೇಲೆ ನಿಂತು 'ಇದು ನಮ್ಮಪ್ಪ ಕಂಡುಹಿಡಿದಿದ್ದು, ನಾನು ಬೆಳೆಸಿದ್ದು' ಅಂತ ಮೈಕಲ್ಲಿ ಹೇಳಿದ್ಯಲ್ಲ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರಲ್ಲ, ಆ ಚಪ್ಪಾಳೆ ನಿಲ್ಲೋದ್ರೊಳಗೆ ಒತ್ತಿದೆ."

"ಯಾಕೆ?"

"ಸುಳ್ಳು ಕೇಳೋಕೆ ಆಗ್ಲಿಲ್ಲ. ಕಿವಿ ತುಂಬ ಸುಳ್ಳು ಕೇಳಿದೀನಿ ನನ್ನ ಸರ್ವೀಸಲ್ಲಿ. ಅದೊಂದು ಮಾತ್ರ ಆಗ್ಲಿಲ್ಲ."

"ಯಾವ ಸುಳ್ಳು?"

"ಆರುಪದರ ನಿಮ್ಮಪ್ಪಂದಲ್ಲ."

ಉಣ್ಣೆಚಕ್ರದ ಹತ್ತಿರ ತಮ್ಮ ತಲೆಯೆತ್ತಿದ. ಗಂಡ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ.

"ನಮ್ಮಣ್ಣ ಒಳ್ಳೆ ಮನುಷ್ಯ. ಆದ್ರೆ ಅವನ ಕೈಗೆ ಮೂರನೇ ಪದರ ಬರ್ತಿರ್ಲಿಲ್ಲ, ಬಣ್ಣ ಒಡೀತಿತ್ತು. ಒಂದಿನ ಇದ್ದಕ್ಕಿದ್ದ ಹಾಗೆ ಆರೂ ಬಂತು. ಎಲ್ಲಿಂದ ಬಂತು ಅಂತ ನೀನು ಒಂದ್ಸಲನಾದ್ರೂ ಕೇಳಿದ್ಯಾ?"

ಕಣ್ಣಕ್ಕನ ಕಣ್ಣು ಅರ್ಜಿಯ ಕೊನೆಗೆ ಹೋಗಿತ್ತು. ಸಹಿಯ ಜಾಗದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಈ ವಿಧಾನ ಮೂಲದಲ್ಲಿ ಬೇರೊಬ್ಬರದೆಂಬ ಯಾವುದೇ ಮಾಹಿತಿ ನನಗಿಲ್ಲವೆಂದು ಪ್ರಮಾಣೀಕರಿಸುತ್ತೇನೆ.'

ಇಲ್ಲಿಯವರೆಗೆ ಅವಳಿಗೆ ಯಾವ ಮಾಹಿತಿಯೂ ಇರಲಿಲ್ಲ. ಇನ್ನೊಂದು ಮಾತು ಕಿವಿಗೆ ಬಿದ್ದರೆ ಇರುತ್ತದೆ. ಟ್ರೇಯಲ್ಲಿದ್ದ ಹದಿನೇಳು ಕಣ್ಣಿಗೆ ಹದಿನೇಳು ಮುಖಗಳು ಕಾಯುತ್ತಿದ್ದವು.

ಸರಸರ ಸಹಿ ಹಾಕಿದಳು.

"ಸಹಿ ಹಾಕೋ ಮುಂಚೆ ಕೇಳ್ಬೇಕಿತ್ತು ನೀನು," ಎಂದಳು ಅತ್ತೆ. "ಈಗಲಾದ್ರೂ ಕೇಳು. ಅದನ್ನ ಮೊದಲು ಬರೆದ ಕೈ ಇನ್ನೂ ಬದುಕಿದೆ. ಕಂಪನಿಗೆ ನಾನು ಮಾರಿದ್ದಲ್ಲ, ಕಂಪನಿ ಮೂಲಕ ಅವಳಿಗೆ ವಾಪಸ್ ಕೊಡಿಸಿದ್ದು. ಅವಳು ಯಾರು ಅಂತ ಗೊತ್ತಾದ್ರೆ ನೀನು ಆ ಕಾಗದ ಹರಿದು ಹಾಕ್ತೀಯ ಕಣೇ. ಅವಳು ನಿನ್ನ..."

ಕಣ್ಣಕ್ಕ ಅಷ್ಟರಲ್ಲಿ ಅರ್ಜಿ ಹಿಡಿದು ಚಪ್ಪಲಿ ಮೆಟ್ಟಿ ಬೀದಿಗಿಳಿದಾಗಿತ್ತು.